ಹುಡುಕಿ ಹೊರಟ ತಾಯ್ತಂದೆಯರು

(ಪವಿತ್ರ ಕುಟುಂಬದ ಹಬ್ಬದಂದು ತಿಪ್ಪಸಂದ್ರದ ಸುತ್ತಲಿನ ಕುಟುಂಬಗಳಿಗೆ ನೀಡಿದ ಪ್ರಬೋಧನೆಯ ಬರಹರೂಪ. ಶುಭಸಂದೇಶ: ಲೂಕ 2:41-52)



ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ಜಾತ್ರೆಗೆ ನೀವೆಲ್ಲರೂ ಒಂದಲ್ಲ ಒಂದು ಸಲ ಹೋಗಿರುತ್ತೀರಿ. ತೇರು, ಜನ, ಕಡ್ಲೆಪುರಿ, ಬಲೂನು ಎಲ್ಲದರ ನಡುವೆ ಮೈಕಿನಲ್ಲಿ ಒಂದು ದನಿ ಕೇಳಿಬರುತ್ತದೆ: "ಕೆಂಪು ಅಂಗಿ ಹಾಕಿರುವ ಐದು ವರ್ಷದ ಮಗುವೊಂದು ಇಲ್ಲಿದೆ, ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಬೇಕು." ಆ ಮಾತು ಕಿವಿಗೆ ಬಿದ್ದೊಡನೆ ಜಾತ್ರೆಯಲ್ಲಿರುವ ಎಲ್ಲ ತಾಯಂದಿರೂ ತಮ್ಮ ಸೆರಗು ಹಿಡಿದಿರುವ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಇಂದಿನ ಶುಭಸಂದೇಶವೂ ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಕಥೆಯೇ. ಪಾಸ್ಕ ಹಬ್ಬ ಮುಗಿಸಿ ನಜರೇತಿನ ಜನ ಊರಿಗೆ ಹಿಂತಿರುಗುತ್ತಿದ್ದಾರೆ. ಹನ್ನೆರಡು ವರ್ಷದ ಯೇಸು ಗುಂಪಿನಲ್ಲಿ ಎಲ್ಲೋ ಇರಬಹುದೆಂದು ಮರಿಯಮ್ಮ ಮತ್ತು ಜೋಸೆಫರು ಒಂದು ದಿನದ ಹಾದಿ ನಡೆದುಬಿಟ್ಟಿದ್ದಾರೆ. ಮಗ ಕಾಣದಿದ್ದಾಗ ಅವರು ಮಾಡಿದ್ದೇನು? "ಯಾರಾದರೂ ಕರೆದುಕೊಂಡು ಬರುತ್ತಾರೆ" ಎಂದು ಮರದ ನೆರಳಿನಲ್ಲಿ ಕೂರಲಿಲ್ಲ. ನಡೆದ ಹಾದಿಯನ್ನೇ ಹಿಂದಕ್ಕೆ ನಡೆದರು. ಬಂಧುಗಳನ್ನು ಕೇಳಿದರು, ಪರಿಚಯದವರನ್ನು ಕೇಳಿದರು. ಮೂರನೆಯ ದಿನ ದೇವಾಲಯದೊಳಗೆ, ದೊಡ್ಡ ದೊಡ್ಡ ಬೋಧಕರು ಕುಳಿತಿದ್ದ ಸಭೆಯ ನಡುವೆ ಮಗನನ್ನು ಕಂಡರು. ಆ ತಾಯಿ ಸಭೆಗೆ ಅಂಜಿ ಬಾಗಿಲ ಬಳಿ ನಿಲ್ಲಲಿಲ್ಲ. ಎಲ್ಲರೆದುರಿಗೇ ತನ್ನ ಸಂಕಟವನ್ನು ಹೇಳಿಕೊಂಡಳು.

ಈ ಮಾತನ್ನು ನಾನು ವರ್ಷವರ್ಷವೂ ಓದಿದ್ದೇನೆ, ಪ್ರಬೋಧಿಸಿದ್ದೇನೆ. ಆದರೆ ಇದರ ಅರ್ಥವನ್ನು ನನಗೆ ಕಲಿಸಿದವಳು ರೇಷ್ಮೆ ಬಿಚ್ಚಾಣಿಕೆಗೆ ಹೋಗುತ್ತಿದ್ದ ಒಬ್ಬ ತಾಯಿ. ಆ ಪಾಠದಲ್ಲಿ ತಪ್ಪು ಮಾಡಿದವನು ನಾನೇ ಆದ್ದರಿಂದ ಇಂದು ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಗಂಡನನ್ನು ಕಳೆದುಕೊಂಡಿದ್ದ ಆ ತಾಯಿ ಒಂದು ಸಂಜೆ ನಾಲ್ಕನೆಯ ತರಗತಿಯ ಮಗಳನ್ನು ಕರೆದುಕೊಂಡು ಬಂದಳು. ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಆಕೆಯ ಬೆರಳುಗಳೆಲ್ಲ ಬಿಳಿಚಿಕೊಂಡಿದ್ದವು. "ಸ್ವಾಮ್ಯೋರೆ, ನಾನು ಕೆಲಸಕ್ಕೆ ಹೋದ್ರೆ ಮಗೀನ ನೋಡ್ಕಳೋರಿಲ್ಲ. ಒಂದು ಬೋರ್ಡಿಂಗಿಗೆ ಸೇರಿಸಿಕೊಡಿ" ಎಂದಳು. ನಾನು ಐದೇ ನಿಮಿಷದಲ್ಲಿ ಬೇರೆ ಜಿಲ್ಲೆಯ ಒಂದು ಮಕ್ಕಳ ಮನೆಗೆ ಕಾಗದ ಬರೆದುಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದು ಅಂದು ರಾತ್ರಿ ನೆಮ್ಮದಿಯಿಂದ ಮಲಗಿದೆ.

ಮರುವರ್ಷ ದಸರಾ ರಜೆಗೆ ಮಗಳನ್ನು ಕರೆತರಲು ಆಕೆ ಚಕ್ಕುಲಿ ಕಟ್ಟಿಕೊಂಡು ಹೋದಳು. ಆ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ತನಿಖೆಯಾಗಿ ಅದು ಮುಚ್ಚಿಹೋಗಿತ್ತು. ಮಕ್ಕಳನ್ನು ಬೇರೆ ಬೇರೆ ಕಡೆ ಕಳುಹಿಸಿದ್ದರು. ಈ ತಾಯಿಗೆ ಯಾರೂ ಒಂದು ಮಾತು ತಿಳಿಸಿರಲಿಲ್ಲ. ಅಳುತ್ತಾ ನನ್ನ ಬಳಿಗೆ ಬಂದಳು. ನಾನು ಹೇಳಿದ್ದೇನು ಗೊತ್ತೆ? "ನೋಡಮ್ಮ, ಸರ್ಕಾರದ ವಿಷಯ. ಸ್ವಲ್ಪ ಕಾಯಿ, ಅವರೇ ಹೇಳಿಕಳಿಸುತ್ತಾರೆ. ಜಪಸರ ಪ್ರಾರ್ಥಿಸು."

ಆಕೆ ಜಪಸರವನ್ನೂ ಪ್ರಾರ್ಥಿಸಿದಳು, ಬಸ್ಸನ್ನೂ ಹತ್ತಿದಳು. ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆದಳು. "ನೀನೇ ತಾಯಿ ಅನ್ನೋಕೆ ಏನು ದಾಖಲೆ?" ಎಂದು ಕೇಳಿದರು. "ಸಾಕಲಾಗದೆ ನೀನೇ ಬಿಟ್ಟು ಹೋದವಳಲ್ಲವೆ?" ಎಂದೂ ಕೇಳಿದರು. ಏಳು ತಿಂಗಳಾದ ಮೇಲೆ ಮಗಳು ಸಿಕ್ಕಳು. ಸಿಕ್ಕಾಗ ಆ ಮಗು ಮೊದಲು ಕೇಳಿದ್ದು: "ಅವ್ವ, ಇಷ್ಟು ದಿನ ಯಾಕೆ ಬರಲಿಲ್ಲ?"

ಶುಭಸಂದೇಶದಲ್ಲಿ ತಾಯಿ ಮಗನನ್ನು ಪ್ರಶ್ನಿಸುತ್ತಾಳೆ. ಇಲ್ಲಿ ಮಗಳು ತಾಯಿಯನ್ನು ಪ್ರಶ್ನಿಸಿದಳು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ತಾಯಿಯಲ್ಲ. ಬೀಗ ಹಾಕಿದವರು, ತಿಳಿಸದೇ ಹೋದವರು, ಕಾಗದ ಬರೆದ ಮೇಲೆ ಒಮ್ಮೆಯೂ ವಿಚಾರಿಸದ ನಾನು ಉತ್ತರ ಕೊಡಬೇಕು.

ಪ್ರಿಯರೇ, ನಮ್ಮ ರಾಮನಗರ ಸೀಮೆಗೆ ಈ ನೋವು ಹೊಸದಲ್ಲ. ರೇಷ್ಮೆ ನಮಗೆ ಅನ್ನ ಕೊಟ್ಟಿದೆ. ಆದರೆ ಅದೇ ರೇಷ್ಮೆಯ ಕೆಲಸದಲ್ಲಿ ಪುಟ್ಟ ಕೈಗಳೂ ಬೆಂದಿವೆ. ಕರ್ನಾಟಕವೂ ಸೇರಿದಂತೆ ನಮ್ಮ ದೇಶದ ರೇಷ್ಮೆ ಉದ್ಯಮದಲ್ಲಿ ಮುಂಗಡ ಹಣಕ್ಕೆ ಜೀತವಾಗಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಒಂದು ವರದಿಯನ್ನೇ ಪ್ರಕಟಿಸಿತು. ಜೀತ ಪದ್ಧತಿಯನ್ನು 1976ರಲ್ಲೇ ಕಾನೂನು ರದ್ದುಮಾಡಿತ್ತು. ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂದಿತ್ತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯಮದಲ್ಲೂ ದುಡಿಸಬಾರದೆಂದು 2016ರ ತಿದ್ದುಪಡಿ ಸ್ಪಷ್ಟಪಡಿಸಿತು. ಕಾನೂನು ಇರಲಿಲ್ಲವೆಂದಲ್ಲ. ಕಾನೂನಿನ ಬಾಗಿಲು ತಟ್ಟುವ ತಾಯ್ತಂದೆಯರು ಕಡಿಮೆ ಇದ್ದರು. ಬಡವರು ಸಾಲಕ್ಕೆ ಹೆದರಿದರು, ಧಣಿಗೆ ಹೆದರಿದರು, ಕಚೇರಿಗೆ ಇನ್ನೂ ಹೆಚ್ಚು ಹೆದರಿದರು.

ಮಕ್ಕಳ ರಕ್ಷಣೆಗೆಂದು ಇರುವ ವ್ಯವಸ್ಥೆ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲವು ಮಕ್ಕಳಿಗೆ ಮನೆಯೇ ಅಪಾಯದ ಜಾಗ. ಕುಡಿದು ಹೊಡೆಯುವ ತಂದೆಯಿಂದ, ಕೆಟ್ಟ ಕೈಗಳಿಂದ ಮಗುವನ್ನು ಕಾಪಾಡಲು ಯಾರಾದರೂ ಬರಲೇಬೇಕು. ನಮ್ಮ ಧರ್ಮಸಭೆಯ ಕನ್ಯಾಸ್ತ್ರೀಯರು ಎಷ್ಟೋ ಅನಾಥ ಮಕ್ಕಳಿಗೆ ತಾಯಿಯಾಗಿದ್ದಾರೆ. ಅವರಿಗೆ ನಮ್ಮ ಕೃತಜ್ಞತೆ ಸಲ್ಲಲಿ. ಆದರೆ ಬಡತನವೊಂದೇ ಕಾರಣಕ್ಕೆ ಮಗು ಮನೆ ಬಿಡಬೇಕೆ? ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಹೆತ್ತವರಿಂದ ಅಗಲಿಸಬಾರದೆಂದು ವಿಶ್ವಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರವೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ, ಮೊದಲನೆಯದಲ್ಲ. ಮಕ್ಕಳ ಮನೆಗಳೆಲ್ಲ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಕಟ್ಟುನಿಟ್ಟಾಗಿ ಹೇಳಿತು. ನಾನು ಕಾಗದ ಬರೆಯುವ ಮೊದಲು ಆ ಮನೆಗೆ ನೋಂದಣಿ ಇದೆಯೇ ಎಂಬ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಹೆತ್ತವರು ಕೇಳಿದರೆ ಏನಾಗುತ್ತದೆ? ಸಾಗರಿಕಾ ಚಕ್ರವರ್ತಿ ಎಂಬ ಬಂಗಾಳದ ತಾಯಿಯ ಹೆಸರನ್ನು ನೀವು ಕೇಳಿರಬಹುದು. 2011ರಲ್ಲಿ ನಾರ್ವೆ ದೇಶದ ಮಕ್ಕಳ ಕಲ್ಯಾಣ ಇಲಾಖೆ ಆಕೆಯ ಇಬ್ಬರು ಪುಟ್ಟ ಮಕ್ಕಳನ್ನು ತೆಗೆದುಕೊಂಡು ಹೋಯಿತು. ಭಾಷೆ ಬೇರೆ, ಕಾನೂನು ಬೇರೆ, ಮಗುವಿಗೆ ಕೈತುತ್ತು ಕೊಡುವ ಪದ್ಧತಿಯೂ ಅವರಿಗೆ ವಿಚಿತ್ರ. ಸುದ್ದಿ ನಮ್ಮ ದೇಶದ ಸಂಸತ್ತಿನವರೆಗೂ ಹೋಯಿತು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ವಶದಲ್ಲಿ ಭಾರತಕ್ಕೆ ಬಂದರು. ಆಗಲೂ ತಾಯಿಯ ಹೋರಾಟ ಮುಗಿಯಲಿಲ್ಲ. 2013ರಲ್ಲಿ ಕಲ್ಕತ್ತಾ ಹೈಕೋರ್ಟಿನ ಆದೇಶದಿಂದ ಮಕ್ಕಳು ಆಕೆಯ ಮಡಿಲು ಸೇರಿದರು. ನಾರ್ವೆಯ ಇತರ ಹೆತ್ತವರೂ ನ್ಯಾಯಾಲಯಗಳ ಮೆಟ್ಟಿಲು ಹತ್ತುತ್ತಲೇ ಇದ್ದರು. ಅಂಥ ಒಬ್ಬ ತಾಯಿ ಮತ್ತು ಮಗನ ಮೊಕದ್ದಮೆಯಲ್ಲಿ, ಕುಟುಂಬ ಜೀವನದ ಹಕ್ಕನ್ನು ನಾರ್ವೆ ಉಲ್ಲಂಘಿಸಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2019ರಲ್ಲಿ ತೀರ್ಪು ನೀಡಿತು.

ಅಷ್ಟು ದೂರ ಏಕೆ? ನಮ್ಮ ಕರ್ನಾಟಕದಲ್ಲೇ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂತು. ತಂದೆತಾಯಂದಿರೇ ಶಾಲೆಯ ಮೇಲುಸ್ತುವಾರಿ ನೋಡುವ ಸಮಿತಿ ಅದು. ಆ ಸಮಿತಿಗಳ ಹೆತ್ತವರು ಸೇರಿ ಸಮನ್ವಯ ವೇದಿಕೆ ಕಟ್ಟಿಕೊಂಡು, ಶಾಲೆ ಮುಚ್ಚಬೇಡಿ, ಶಿಕ್ಷಕರನ್ನು ಕೊಡಿ ಎಂದು ಕೇಳುತ್ತಾ ಬಂದಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಅಕ್ಷರ ಬಾರದ ತಾಯಿಯೂ ಹೆಡ್‌ಮಾಸ್ತರರ ಮುಂದೆ ಕುರ್ಚಿ ಹಾಕಿಕೊಂಡು ಕೂರಬಹುದು. ಶಾಲೆಯಲ್ಲಿ ಇದು ಆಗುವುದಾದರೆ, ಮಕ್ಕಳ ಕಲ್ಯಾಣದ ಕಚೇರಿಯಲ್ಲಿ ಏಕೆ ಆಗಬಾರದು?

ಇದು ರಾಜಕೀಯ, ಗುಡಿಯೊಳಗೆ ಇದೆಲ್ಲ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. 1981ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ, ದೇಶದ ಕಾನೂನು ಮತ್ತು ಸಂಸ್ಥೆಗಳು ಕುಟುಂಬಕ್ಕೆ ಆಸರೆಯಾಗುವಂತೆ ನೋಡಿಕೊಳ್ಳಲು ಕುಟುಂಬಗಳೇ ಮುಂದೆ ಬರಬೇಕೆಂದು ಹೇಳಿದ್ದಾರೆ. ಸುಮ್ಮನೆ ನೋಡುತ್ತಾ ನಿಂತರೆ ಆ ಕೇಡಿಗೆ ಮೊದಲ ಬಲಿ ನಾವೇ ಎಂದೂ ಎಚ್ಚರಿಸಿದ್ದಾರೆ. 1983ರಲ್ಲಿ ಪವಿತ್ರ ಪೀಠವು ಕುಟುಂಬದ ಹಕ್ಕುಗಳ ಸನ್ನದನ್ನೇ ಹೊರಡಿಸಿತು.

ಪವಿತ್ರ ಗ್ರಂಥದಲ್ಲಿ ಮೋಶೆಯ ತಾಯಿಯನ್ನು ನೆನೆಯಿರಿ. ಫರೋಹನ ಆಜ್ಞೆಗೆ ಹೆದರಿ ಮಗುವನ್ನು ಬುಟ್ಟಿಯಲ್ಲಿಟ್ಟು ನದಿಯ ದಡದ ಜೊಂಡಿನ ನಡುವೆ ಬಿಟ್ಟಳು. ಆದರೆ ಅಕ್ಕ ದೂರದಲ್ಲಿ ನಿಂತು ಕಾಯುತ್ತಿದ್ದಳು. ಅರಸನ ಮಗಳಿಗೆ ಮಗು ಸಿಕ್ಕಾಗ ಆ ಹುಡುಗಿ ಧೈರ್ಯವಾಗಿ ಮುಂದೆ ಹೋಗಿ ಮಾತನಾಡಿದಳು. ಫಲವೇನು? ಹೆತ್ತ ತಾಯಿಗೇ ಮಗು ಮರಳಿ ಬಂತು. ಸಾಕುವುದಕ್ಕೆ ಅರಮನೆಯಿಂದ ಸಂಬಳವೂ ಬಂತು! ಮಗುವನ್ನು ತಾಯಿಯಿಂದ ದೂರವಿಟ್ಟು ಸಾಕುವ ಹಣವನ್ನು ತಾಯಿಯ ಕೈಗೇ ಕೊಟ್ಟರೆ ಸಾಕಲ್ಲವೆ?

ಇಂದು ಅಂಥ ದಾರಿ ನಿಜವಾಗಿಯೂ ಇದೆ. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಪ್ರಾಯೋಜಕತ್ವ ಎಂಬ ಯೋಜನೆಯಿದೆ. ವಿಧವೆಯಾದ, ಗಂಡ ಬಿಟ್ಟುಹೋದ ತಾಯಿಯ ಮಕ್ಕಳಿಗೆ, ತಂದೆತಾಯಿಗಳಿಲ್ಲದೆ ಅಜ್ಜಿ ಅಥವಾ ಚಿಕ್ಕಪ್ಪನ ಆಸರೆಯಲ್ಲಿರುವ ಮಕ್ಕಳಿಗೆ, ಹೆತ್ತವರಿಗೆ ಮಾರಕ ಕಾಯಿಲೆಯಿರುವ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ನೆರವು. ಹಳ್ಳಿಯಲ್ಲಿ ಕುಟುಂಬದ ಆದಾಯ ವರ್ಷಕ್ಕೆ 72000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಇನ್ನೂ ಒಂದೆರಡು ವಿಷಯ ತಿಳಿದಿರಲಿ. ಮಗುವನ್ನು ವಶಕ್ಕೆ ಪಡೆದವರು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ತಿಂಗಳಿಗೆ ಕಡೇಪಕ್ಷ 20 ದಿನ ಅದು ಸೇರಬೇಕು. ಅದರ ಆದೇಶ ಸರಿಯಲ್ಲವೆನಿಸಿದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸಮಿತಿಯ ಕೆಲಸದ ಬಗ್ಗೆ ದೂರಿದ್ದರೆ ಜಿಲ್ಲಾಧಿಕಾರಿಗಳಿಗೆ ಕೊಡಬಹುದು. ಮಗು ಅಪಾಯದಲ್ಲಿದ್ದರೆ 1098ಕ್ಕೆ ಫೋನ್ ಮಾಡಬಹುದು. ಇದನ್ನೆಲ್ಲ ಆ ತಾಯಿಗೆ ಅಂದು ನಾನು ಹೇಳಬೇಕಿತ್ತು. ಕೊನೆಗೆ ಆಕೆಯೇ ಕಲಿತು ಬಂದು ನನಗೆ ಹೇಳಿದಳು.

ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನಂಥ ತಾಯಂದಿರನ್ನು ಕೂಡಿಸಿಕೊಂಡು ಊರಿನ ಗ್ರಾಮಸಭೆಗೆ ಹೋದಳು. ಊರಿನ ಯಾವ ಯಾವ ಮಕ್ಕಳು ಹೊರಗಿನ ಮನೆಗಳಲ್ಲಿದ್ದಾರೆ, ಪಟ್ಟಿ ಮಾಡಿ ಎಂದಳು. ಮಗುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಮೊದಲು ಹೆತ್ತವರಿಗೆ ತಿಳಿಸಬೇಕೆಂದು ಮೇಲಕ್ಕೆ ಬರೆಯಿರಿ ಎಂದಳು. ನೆರವಿನ ಅರ್ಜಿಗಳನ್ನು ಭರ್ತಿ ಮಾಡಿಸಿದಳು. ಕೆಲವಕ್ಕೆ ಹಣ ಬಂತು, ಕೆಲವು ಹಾಗೇ ಉಳಿದವು. "ಉಳಿದವುಗಳ ಗತಿಯೇನಮ್ಮ?" ಎಂದು ಕೇಳಿದೆ. "ಮತ್ತೆ ಹೋಗ್ತೀವಿ ಸ್ವಾಮ್ಯೋರೆ" ಎಂದಳು. ಅನ್ಯಾಯದ ನ್ಯಾಯಾಧೀಶನ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯ ಸಾಮತಿ ನನ್ನ ಕಣ್ಣಮುಂದೆಯೇ ನಿಂತಿತ್ತು.

ತಿಪ್ಪಸಂದ್ರದ ನನ್ನ ಜನರೇ, ಈ ಹಬ್ಬದಂದು ಗೋದಲಿಯ ಮುಂದೆ ಮೂರು ಮಾತು ಕೊಡೋಣ. ಒಂದು, ಶಾಲೆಯ ಸಭೆ, ಗ್ರಾಮಸಭೆ ಇದ್ದಾಗ ಕೂಲಿಯ ನೆಪ ಹೇಳದೆ ಮನೆಗೊಬ್ಬರು ಹೋಗೋಣ. ಬರೀ ತಾಯಂದಿರಲ್ಲ, ಮರಿಯಮ್ಮನ ಜೊತೆ ಜೋಸೆಫರೂ ಹಿಂದಕ್ಕೆ ನಡೆದರೆಂಬುದನ್ನು ಗಂಡಸರು ಮರೆಯಬಾರದು. ಎರಡು, ಪಕ್ಕದ ಮನೆಯ ಮಗು ಶಾಲೆ ಬಿಟ್ಟರೆ, ಕೆಲಸಕ್ಕೆ ಹೋದರೆ, ಏಟು ತಿಂದರೆ "ನಮಗೇಕೆ" ಎನ್ನದಿರೋಣ. ಆ ಮಗು ಯಾವ ಜಾತಿ, ಯಾವ ಧರ್ಮ ಎಂದು ನೋಡದಿರೋಣ. ಮೂರನೆಯ ಮಾತು ನನ್ನದು. ಇನ್ನು ಮುಂದೆ ಬೋರ್ಡಿಂಗಿಗೆ ಕಾಗದ ಬೇಕೆಂದು ಯಾರೇ ಬಂದರೂ, ಈ ಮಗು ಮನೆಯಲ್ಲೇ ಉಳಿಯಲು ಏನು ಬೇಕು ಎಂದು ಮೊದಲು ಕೇಳುತ್ತೇನೆ. ಕಾಗದ ಬರೆಯಲೇಬೇಕಾಗಿ ಬಂದರೆ, ಆ ಮಗುವನ್ನು ನೋಡಲು ನಾನೂ ಹೋಗುತ್ತೇನೆ.

ಯೇಸು ತಾಯ್ತಂದೆಯರ ಜೊತೆ ನಜರೇತಿಗೆ ಹಿಂತಿರುಗಿ ಅವರಿಗೆ ವಿಧೇಯನಾಗಿದ್ದರೆಂದು ಸಂತ ಲೂಕರು ಹೇಳುತ್ತಾರೆ. ಜ್ಞಾನದಲ್ಲೂ ಪ್ರಾಯದಲ್ಲೂ ಅವರು ಬೆಳೆದದ್ದು ಆ ಬಡ ಬಡಗಿಯ ಮನೆಯಲ್ಲೇ. ದೇವರು ತಮ್ಮ ಮಗನಿಗೆ ಆರಿಸಿದ್ದು ಅರಮನೆಯನ್ನಲ್ಲ, ಹುಡುಕಿಕೊಂಡು ಬರುವ ತಾಯ್ತಂದೆಯರನ್ನು.

ಪ್ರಾರ್ಥಿಸೋಣ: ಪವಿತ್ರ ಕುಟುಂಬದ ದೇವರೇ, ಮನೆಯಿಂದ ದೂರವಿರುವ ಮಕ್ಕಳನ್ನು ಕಾಪಾಡಿರಿ. ಅವರನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ನ್ಯಾಯದ ಹೃದಯ ಕೊಡಿರಿ. ಹುಡುಕುತ್ತಿರುವ ತಾಯ್ತಂದೆಯರ ಕಾಲಿಗೆ ಬಲ, ನಾಲಿಗೆಗೆ ಧೈರ್ಯ ಕೊಡಿರಿ. ಕಾಯಿರಿ ಎಂದು ಸುಲಭವಾಗಿ ಹೇಳುವ ನಮ್ಮನ್ನು ಅವರ ಜೊತೆ ನಡೆಯುವವರನ್ನಾಗಿ ಮಾಡಿರಿ. ಆಮೆನ್.