ಪೀಠವೂ ಆಸನವೂ



ಜಿನಬಿಂಬವು ನೂತನ ಬಸದಿಯ ಪೀಠವನ್ನು ಅಲಂಕರಿಸುವ ಈ ಶುಭಸಂದರ್ಭದಲ್ಲಿ ಪೀಠದ ಮಹಿಮೆಯನ್ನು ಕುರಿತು ವಿಚಾರಮಾಡುವುದು ಉಚಿತವಾಗಿದೆ. 'ಆಸನ' ಶಬ್ದಕ್ಕೆ ಎರಡು ಅರ್ಥಗಳುಂಟು. ಕುಳಿತುಕೊಳ್ಳುವ ಸ್ಥಾನವೂ ಆಸನವೇ. ಕುಳಿತುಕೊಳ್ಳುವ ಭಂಗಿಯೂ ಆಸನವೇ. ಈ ಎರಡರ ಸಂಬಂಧವನ್ನು ನಮ್ಮ ನಾಡಿನ ಶ್ರಮಣ ಹಾಗೂ ಯೋಗ ಪರಂಪರೆಗಳು ಚೆನ್ನಾಗಿ ಅರಿತಿದ್ದವು.

ಬೌದ್ಧರಿಗೆ ಪರಮಪವಿತ್ರವಾದ ಪೀಠವು ಬಿಹಾರದ ಬೋಧಗಯೆಯಲ್ಲಿರುವ ವಜ್ರಾಸನ. ಬೋಧಿವೃಕ್ಷದ ಬುಡದಲ್ಲಿರುವ ಈ ನುಣುಪಾದ ಮರಳುಗಲ್ಲಿನ ಹಾಸು ಅಶೋಕನ ಕಾಲದ್ದೆಂದು ವಿದ್ವಾಂಸರ ಅಭಿಪ್ರಾಯ. ಗೌತಮನಾದರೋ ಕುಳಿತದ್ದು ಹುಲ್ಲಿನ ಮೇಲೆ. ಹುಲ್ಲು ಕೊಯ್ಯುವ ಸೋತ್ಥಿಯನು ದಾರಿಯಲ್ಲಿ ನೀಡಿದ ಎಂಟು ಹಿಡಿ ಹುಲ್ಲನ್ನು ಹಾಸಿಕೊಂಡು, ಬೋಧಿ ಲಭಿಸುವವರೆಗೆ ಏಳಲಾರೆನೆಂದು ನಿಶ್ಚಯಿಸಿದನೆಂಬುದು ಪಾಲಿ ಸಂಪ್ರದಾಯ. ವಜ್ರದ ಕಾಠಿಣ್ಯವಿದ್ದದ್ದು ಆ ನಿಶ್ಚಯದಲ್ಲಿ. ಅರಸನ ಶಿಲೆ ಬಂದದ್ದು ತರುವಾಯ. ಬುದ್ಧನ ಮೂರ್ತಿಗಳು ರೂಢಿಗೆ ಬರುವ ಮೊದಲು ಸಾಂಚಿ, ಭಾರಹುತಗಳ ಶಿಲ್ಪಿಗಳು ಮರದಡಿಯ ಬರಿಯ ಪೀಠವನ್ನೇ ಕಡೆದು, ಭಕ್ತರು ಅದಕ್ಕೆ ವಂದಿಸುವಂತೆ ಚಿತ್ರಿಸಿದರು. ಕಲಬುರಗಿ ಜಿಲ್ಲೆಯ ಸನ್ನತಿಗೆ ಸಮೀಪದ ಕನಗನಹಳ್ಳಿಯ ಸ್ತೂಪಫಲಕಗಳಲ್ಲಿಯೂ ಇಂತಹ ಶೂನ್ಯಪೀಠಗಳು ಕಾಣಸಿಗುತ್ತವೆ.

ಯೋಗಶಾಸ್ತ್ರವು ಎರಡನೆಯ ಅರ್ಥವನ್ನು ವಿಸ್ತರಿಸಿತು. ಗೀತೆಯ 6ನೆಯ ಅಧ್ಯಾಯವು ಆಸನವು ಶುಚಿಯಾದ ಎಡೆಯಲ್ಲಿ, ಅತಿ ಎತ್ತರವೂ ಅತಿ ತಗ್ಗೂ ಆಗದಂತಿರಬೇಕೆಂದು ವಿಧಿಸುತ್ತದೆ. ಪತಂಜಲಿಯು ಯಾವ ಭಂಗಿಯನ್ನೂ ಹೆಸರಿಸದೆ, ಸ್ಥಿರತೆ ಮತ್ತು ಸುಖಗಳೆಂಬ ಎರಡೇ ಲಕ್ಷಣಗಳನ್ನು ಹೇಳಿದನು. ಪದ್ಮ, ವೀರ, ಭದ್ರ ಮೊದಲಾದ ಹೆಸರುಗಳು ವ್ಯಾಸಭಾಷ್ಯದಲ್ಲಿ ಬರುತ್ತವೆ. ಪದ್ಮಾಸನದಲ್ಲಿ ಮಡಿಸಿದ ಕಾಲುಗಳು ಅಗಲವಾದ ಅಡಿಪಾಯವಾಗುತ್ತವೆ. ಬೆನ್ನು ನೆಟ್ಟಗೆ ನಿಲ್ಲುತ್ತದೆ. ದೇಹವು ತೂಕಡಿಸಿ ಬೀಳದು, ಅಲುಗಾಡಿ ಮನಸ್ಸನ್ನು ಕದಡದು. ದೇಹವೇ ಪೀಠವಾಗುವ ಬಗೆ ಇದು.

ಜೈನಾಚಾರ್ಯರೂ ಈ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿದ್ದಾರೆ. ಶುಭಚಂದ್ರಾಚಾರ್ಯರ 'ಜ್ಞಾನಾರ್ಣವ'ವು ಪರ್ಯಂಕ, ಅರ್ಧಪರ್ಯಂಕ, ವಜ್ರ, ವೀರ, ಸುಖ, ಕಮಲಾಸನಗಳೊಡನೆ ಕಾಯೋತ್ಸರ್ಗವನ್ನೂ ಧ್ಯಾನಕ್ಕೆ ಸಮ್ಮತವೆನ್ನುತ್ತದೆ. ತೀರ್ಥಂಕರರ ಬಿಂಬಗಳು ಕುಳಿತ ಪದ್ಮಾಸನ, ನಿಂತ ಖಡ್ಗಾಸನಗಳೆಂಬ ಎರಡೇ ಭಂಗಿಗಳಲ್ಲಿ ರೂಪುಗೊಂಡವು. ಅಷ್ಟಪ್ರಾತಿಹಾರ್ಯಗಳಲ್ಲಿ ಸಿಂಹಾಸನವೂ ಒಂದು. ಆದರೆ ಸಮವಸರಣದಲ್ಲಿ ಜಿನೇಂದ್ರನು ಆ ಸಿಂಹಾಸನವನ್ನು ಸೋಂಕದೆ, ನಾಲ್ಕು ಅಂಗುಲ ಮೇಲೆ ವಿರಾಜಿಸುವನೆಂದು ಆಗಮಸಂಪ್ರದಾಯವು ಸಾರುತ್ತದೆ. ಲೋಕವು ಅರ್ಪಿಸಿದ ಅತ್ಯುನ್ನತ ಪೀಠದ ಹಂಗೂ ವೀತರಾಗನಿಗಿಲ್ಲ!

ಬೌದ್ಧರ ಶೂನ್ಯಪೀಠ, ಯೋಗಿಯ ಸ್ಥಿರದೇಹ, ಜಿನನ ಅಸ್ಪೃಷ್ಟ ಸಿಂಹಾಸನ — ಇವು ಮೂರೂ ಒಂದೇ ಮಾತನ್ನು ನೆನಪಿಸುತ್ತವೆ. ಪೀಠದ ಪಾವಿತ್ರ್ಯವು ಅಲ್ಲಿ ನೆಲೆಸಿದವರ ನಿಶ್ಚಲತೆಯಿಂದ ಬರುತ್ತದೆ. ಶಿಲೆಯನ್ನು ಶಿಲ್ಪಿ ಕಡೆದುಕೊಡಬಲ್ಲನು. ದ್ರವ್ಯವನ್ನು ದಾನಿಗಳು ನೀಡಬಲ್ಲರು. ನಿಶ್ಚಲತೆಯನ್ನು ಮಾತ್ರ ಪ್ರತಿಯೊಬ್ಬರೂ ಸ್ವತಃ ಸಾಧಿಸಬೇಕು.

ಉತ್ಸವ ಮುಗಿದು, ಚಪ್ಪರ ಇಳಿದು, ನೆಂಟರಿಷ್ಟರು ತಂತಮ್ಮ ಊರುಗಳಿಗೆ ಹಿಂದಿರುಗಿದ ಬಳಿಕವೂ ಬಸದಿಯ ಬಾಗಿಲು ತೆರೆದಿರುತ್ತದೆ. ಅಂದು ಬಿಂಬದೆದುರು ಬರಿನೆಲದ ಮೇಲೆ ಒಂದು ಚಾಪೆ ಹಾಸಿ, ಸಾಮಾಯಿಕದ 48 ನಿಮಿಷ ಅಲುಗದೆ ಕುಳಿತುಕೊಳ್ಳುವ ಶ್ರಾವಕ ಶ್ರಾವಿಕೆಯರು ಇದ್ದರೆ, ಇಂದಿನ ಪ್ರತಿಷ್ಠೆ ಸಾರ್ಥಕವಾದಂತೆ.