ರಕ್ತ ಮರಳಿದ ಮೇಲೆ ಹೃದಯಸ್ನಾಯುವಿನ ರಕ್ಷಣೆ



ನಮ್ಮ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಈ ಅವಿರತ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಕರೋನರಿ ಧಮನಿಗಳು ಒದಗಿಸುತ್ತವೆ. ಇವುಗಳಲ್ಲೊಂದು ರಕ್ತದ ಹೆಪ್ಪಿನಿಂದ ಮುಚ್ಚಿಹೋದರೆ, ಆ ಭಾಗದ ಸ್ನಾಯು ಒಂದೆರಡು ನಿಮಿಷಗಳಲ್ಲಿಯೇ ಸಂಕೋಚನಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಕೂಡಲೇ ಸಾಯುವುದಿಲ್ಲ. ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಸುಮಾರು 20 ನಿಮಿಷಗಳ ಅನಂತರ ಜೀವಕೋಶಗಳ ಸಾವು ಒಳಪದರದಲ್ಲಿ ಆರಂಭವಾಗಿ, ಮುಂದಿನ ಕೆಲವು ಗಂಟೆಗಳಲ್ಲಿ ಹೊರಪದರದತ್ತ ಅಲೆಯಂತೆ ಹಬ್ಬುವುದು ಕಂಡುಬಂದಿದೆ.

ರಕ್ತ ಬೇಗನೆ ಮರಳಿದರೂ ಸ್ನಾಯು ತಕ್ಷಣ ಮೊದಲಿನಂತೆ ದುಡಿಯದು. ಮರಳಿದ ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳೂ, ಕೋಶಗಳೊಳಗೆ ಮಿತಿಮೀರುವ ಕ್ಯಾಲ್ಸಿಯಂ ಅಂಶವೂ ಇದಕ್ಕೆ ಮುಖ್ಯ ಕಾರಣಗಳು. ಜೀವವಿದ್ದೂ ಮಂಕಾಗಿರುವ ಈ ಸ್ಥಿತಿಯನ್ನು 1982ರಲ್ಲಿ ಯುಜೀನ್ ಬ್ರಾನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಅವರು ‘ಸ್ತಂಭಿತ ಹೃದಯಸ್ನಾಯು’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ಇದು ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳಬಲ್ಲದು. ಆದುದರಿಂದ ಮೊದಲ ಎಕೋ ಪರೀಕ್ಷೆಯಲ್ಲಿ ಹೃದಯ ದುರ್ಬಲವೆಂದು ಕಂಡಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ವೈದ್ಯರು ಸೂಚಿಸಿದ ಔಷಧಿಯನ್ನು ನಿಲ್ಲಿಸದೆ, ಮರುಪರೀಕ್ಷೆಗೆ ತಪ್ಪದೆ ಹೋಗಬೇಕು.

ಸ್ನಾಯುವನ್ನು ಮೊದಲೇ ಸಜ್ಜುಗೊಳಿಸಲು ಸಾಧ್ಯವೇ? 1986ರಲ್ಲಿ ಮರಿ, ಜೆನಿಂಗ್ಸ್ ಮತ್ತು ರೀಮರ್ ಅವರು ನಾಯಿಗಳ ಧಮನಿಯನ್ನು 5 ನಿಮಿಷಗಳಂತೆ 4 ಬಾರಿ ತಡೆದು ಬಿಟ್ಟು, ಬಳಿಕ 40 ನಿಮಿಷ ಮುಚ್ಚಿದರು. ಹಾನಿ ಸುಮಾರು ಕಾಲುಭಾಗಕ್ಕೆ ಇಳಿಯಿತು. ಇದೇ ತತ್ತ್ವದಿಂದ, ತೋಳಿಗೆ ಪಟ್ಟಿ ಬಿಗಿದು ಸಡಿಲಿಸುವ ವಿಧಾನವನ್ನು 5,000ಕ್ಕೂ ಮಿಕ್ಕ ಹೃದಯಾಘಾತದ ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಪ್ರಯೋಜನವನ್ನು ತೋರಿಸಲಿಲ್ಲ.

ಹಾಗಾದರೆ ಖಚಿತವಾದ ರಕ್ಷಣೆ ಯಾವುದು? ಮುಚ್ಚಿದ ಧಮನಿಯನ್ನು ಶೀಘ್ರವಾಗಿ ತೆರೆಯುವುದೇ. 17,187 ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ 5 ವಾರಗಳೊಳಗಿನ ಹೃದಯ-ರಕ್ತನಾಳ ಸಂಬಂಧಿ ಸಾವು ಶೇಕಡಾ 13.2ರ ಬದಲು 8ಕ್ಕೆ ಇಳಿದಿತ್ತು. ಇಂದು ಸೌಲಭ್ಯವಿರುವೆಡೆ ತುರ್ತು ಆಂಜಿಯೋಪ್ಲಾಸ್ಟಿಯೇ ಮೊದಲ ಆಯ್ಕೆ.

ಎದೆಯ ನಡುವೆ ಬಿಗಿತ, ತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಿನ ತೊಂದರೆ ಕಂಡಾಗ ‘ಗ್ಯಾಸ್’ ಎಂದು ಬೆಳಗಿನವರೆಗೆ ಕಾಯುವುದು ಅಪಾಯಕರ. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಲಕ್ಷಣಗಳು ಅಸ್ಪಷ್ಟವಾಗಿರಬಹುದು. ಊರು ಬಿಟ್ಟು ಯಾವ ನಗರದಲ್ಲಿ ನೆಲೆಸಿದ್ದರೂ 112ಕ್ಕೆ ಕರೆಮಾಡಿ. ರೋಗಿಯೇ ವಾಹನ ನಡೆಸಕೂಡದು. ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆ ಹತ್ತಿರ ಎಲ್ಲಿದೆಯೆಂಬುದನ್ನು ಮನೆಯವರೆಲ್ಲರೂ ಇಂದೇ ತಿಳಿದಿರಲಿ. ಉಳಿಸಿದ ಪ್ರತಿಯೊಂದು ನಿಮಿಷವೂ ಉಳಿಸಿದ ಹೃದಯಸ್ನಾಯುವೇ ಆಗಿದೆ.