ಆಪರೇಶನ್ ಉಂಟಾ? ಬೀಡಿ ಇವತ್ತೇ ಬಿಡಿ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾನು ಒಂದೇ ವಿಷಯ ಹೇಳುತ್ತೇನೆ. ಆಪರೇಶನ್ ಎಂಬ ಮಾತು ಈಗ ಎಲ್ಲ ಮನೆಗೂ ಗೊತ್ತು. ಒಬ್ಬರಿಗೆ ಹರ್ನಿಯಾ. ಇನ್ನೊಬ್ಬರಿಗೆ ಪಿತ್ತಕೋಶದ ಕಲ್ಲು. ಮತ್ತೊಬ್ಬರಿಗೆ ಮೊಣಕಾಲು. ತೂಕ ಇಳಿಸುವ ಆಪರೇಶನ್ ಕೂಡಾ ಈಗ ಉಂಟು. ಕಾಸರಗೋಡು, ಮಂಜೇಶ್ವರದ ನಾವು ಇದಕ್ಕೆ ಮಂಗಳೂರಿಗೂ ಹೋಗುತ್ತೇವೆ.

ಡಾಕ್ಟ್ರು ತಾರೀಕು ಕೊಡುತ್ತಾರೆ. ಮನೆಯವರು ಹಣ ಹೊಂದಿಸುತ್ತಾರೆ. ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲಲು ಜನ ನೋಡುತ್ತಾರೆ. ಎಲ್ಲ ತಯಾರಿಯೂ ಆಗುತ್ತದೆ. ಒಂದು ತಯಾರಿ ಮಾತ್ರ ಬಿಟ್ಟುಹೋಗುತ್ತದೆ. ಅದು ಬೀಡಿ ಬಿಡುವ ತಯಾರಿ.

ಇಲ್ಲಿ ಬೀಡಿ ಕಟ್ಟುವ ಅಕ್ಕಂದಿರು ಇದ್ದೀರಿ. ಸೂಪು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ನೂಲು ಸುತ್ತಿ, ಬ್ರಾಂಚಿಗೆ ಬೀಡಿ ಕೊಟ್ಟು ಮಕ್ಕಳನ್ನು ಓದಿಸಿದವರು ನೀವು. ನಿಮ್ಮ ದುಡಿಮೆಯನ್ನು ನಾನು ಹಳಿಯುವುದಿಲ್ಲ. ಆದರೆ ಕಟ್ಟುವವರ ಮನೆಯಲ್ಲೇ ಸೇದುವವರೂ ಇರುತ್ತಾರೆ. ನನ್ನ ಮಾತು ಅವರಿಗೆ. ಅವರನ್ನು ನೋಡಿಕೊಳ್ಳುವ ನಿಮಗೂ.

ಬೀಡಿಗೂ ಆಪರೇಶನ್‌ಗೂ ಎಂತ ಸಂಬಂಧ? ಕೇಳಿ.

ಡಾಕ್ಟ್ರು ಕೊಯ್ದು ಹೊಲಿಗೆ ಹಾಕುತ್ತಾರೆ. ಆದರೆ ಗಾಯವನ್ನು ಕೂಡಿಸುವುದು ನಮ್ಮ ರಕ್ತ. ರಕ್ತವು ಗಾಯಕ್ಕೆ ಆಮ್ಲಜನಕ ತಲುಪಿಸಬೇಕು. ಆಮ್ಲಜನಕ ಅಂದರೆ ಪ್ರಾಣವಾಯು. ಬೀಡಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಉಂಟು. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗದಲ್ಲಿ ಹೋಗಿ ಕೂರುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ.

ಅಡಿಕೆ ತೋಟಕ್ಕೆ ನೀರು ಬಿಡುವ ಪೈಪನ್ನು ನೆನೆಸಿಕೊಳ್ಳಿ. ಪೈಪು ಕಿರಿದಾದರೆ ಕೊನೆಯ ಮರಕ್ಕೆ ನೀರು ಮುಟ್ಟುತ್ತದಾ? ಇಲ್ಲ. ಗಾಯದ ಕಥೆಯೂ ಹಾಗೆಯೇ. ಹೊಲಿಗೆ ಬೇಗ ಕೂಡುವುದಿಲ್ಲ. ಕೀವು ಆಗಬಹುದು. ಗಾಯ ಬಾಯಿ ಬಿಡಬಹುದು.

ಶ್ವಾಸಕೋಶಕ್ಕೂ ತೊಂದರೆ ಉಂಟು. ನಮ್ಮ ಉಸಿರಿನ ಕೊಳವೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿವೆ. ಅವು ಹಿಡಿಸೂಡಿಯ ಹಾಗೆ ಕಫವನ್ನು ಮೇಲಕ್ಕೆ ಗುಡಿಸುತ್ತವೆ. ಹೊಗೆ ತಾಗಿದರೆ ಈ ಹಿಡಿಸೂಡಿ ಕೆಲಸ ಮಾಡುವುದಿಲ್ಲ. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟ ನಂತರ ಕಫ ಒಳಗೇ ನಿಲ್ಲುತ್ತದೆ. ಅದರಿಂದ ನ್ಯುಮೋನಿಯಾ ಬರಬಹುದು.

ಇದು ಬರೀ ಹೆದರಿಸುವ ಮಾತಲ್ಲ. ಡೆನ್ಮಾರ್ಕ್ ದೇಶದ ಡಾಕ್ಟರುಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅದರ ಫಲ 2002ರಲ್ಲಿ ಪ್ರಕಟವಾಯಿತು. ಸೊಂಟದ ಮತ್ತು ಮೊಣಕಾಲಿನ ಕೀಲು ಬದಲಿಸುವ ಆಪರೇಶನ್‌ಗೆ ಬಂದ 120 ಮಂದಿ ಸೇದುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 6ರಿಂದ 8 ವಾರ ಮೊದಲೇ ಹೊಗೆ ಬಿಡಲು ಸಹಾಯ ಮಾಡಿದರು. ಅವರಲ್ಲಿ ಹೆಚ್ಚಿನವರು ಬಿಟ್ಟರು. ಕೆಲವರು ಕಡಿಮೆ ಮಾಡಿದರು. ಇನ್ನೊಂದು ಗುಂಪಿಗೆ ಈ ಸಹಾಯ ಸಿಗಲಿಲ್ಲ. ಆಪರೇಶನ್ ಆದ ಮೇಲೆ ಲೆಕ್ಕ ಹಾಕಿದರು. ಸಹಾಯ ಸಿಗದ ಗುಂಪಿನಲ್ಲಿ 100ಕ್ಕೆ 52 ಮಂದಿಗೆ ಒಂದಲ್ಲ ಒಂದು ತೊಂದರೆ ಆಗಿತ್ತು. ಸಹಾಯ ಸಿಕ್ಕಿದ ಗುಂಪಿನಲ್ಲಿ 100ಕ್ಕೆ 18 ಮಂದಿಗೆ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೀಗೆ ತಿಳಿಸಿತು: ಆಪರೇಶನ್‌ಗೆ ಸುಮಾರು 4 ವಾರ ಮೊದಲು ಹೊಗೆ ಬಿಟ್ಟರೆ ತೊಂದರೆ ಕಡಿಮೆ. ಅದಕ್ಕಿಂತ ಮೊದಲೇ ಬಿಟ್ಟರೆ ಒಂದೊಂದು ವಾರಕ್ಕೂ ಲಾಭ ಹೆಚ್ಚು.

ನಾಲ್ಕು ವಾರ ಅಂದರೆ 28 ದಿನ. ಹಾಗಾದರೆ ಯಾವಾಗ ಬಿಡಬೇಕು? ತಾರೀಕು ಸಿಕ್ಕಿದ ದಿನವೇ ಬಿಡಬೇಕು.

"ನನಗೆ ಬರುವ ವಾರವೇ ಆಪರೇಶನ್. ಇನ್ನು ಬಿಟ್ಟು ಎಂತ ಪ್ರಯೋಜನ?" ಎಂದು ಕೇಳಬೇಡಿ. ಒಂದು ದಿನ ಬಿಟ್ಟರೂ ರಕ್ತದಲ್ಲಿದ್ದ ಆ ವಿಷಗಾಳಿಯ ಹೆಚ್ಚಿನ ಪಾಲು ಹೋಗುತ್ತದೆ. ಆಪರೇಶನ್ ಹತ್ತಿರ ಇರುವಾಗ ಬೀಡಿ ಬಿಟ್ಟರೆ ಕಫ ಹೆಚ್ಚಾಗಿ ಅಪಾಯ ಎಂದು ಕೆಲವರು ಹೇಳುತ್ತಾರೆ. ಆ ಹೆದರಿಕೆ ಬೇಡ. ಕೆಲವರಿಗೆ ಸ್ವಲ್ಪ ದಿನ ಕೆಮ್ಮು ಜಾಸ್ತಿ ಆಗಬಹುದು. ಅದರಿಂದ ಅಪಾಯ ಹೆಚ್ಚುವುದಿಲ್ಲ.

ಇನ್ನೊಂದು ಮಾತು ನೆನಪಿಡಿ. ಬೀಡಿ ಬಿಡಲು ಆಗಲಿಲ್ಲ ಎಂದು ನೀವಾಗಿ ಆಪರೇಶನ್ ಮುಂದೆ ಹಾಕಬೇಡಿ. ತುರ್ತು ಆಪರೇಶನ್ ಆದರೆ ಕಾಯಲೇಬಾರದು. ಡಾಕ್ಟ್ರ ಮಾತು ಕೇಳಿ.

ತೂಕ ಇಳಿಸುವ ಆಪರೇಶನ್‌ನಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಬೈಪಾಸ್ ಎಂಬ ಬಗೆಯಲ್ಲಿ ಜಠರದ ಒಂದು ಸಣ್ಣ ಭಾಗವನ್ನು ಚೀಲದ ಹಾಗೆ ಮಾಡಿ ಕರುಳಿಗೆ ಜೋಡಿಸುತ್ತಾರೆ. ಹೊಗೆ ಸೇದಿದರೆ ಆ ಜೋಡಣೆಯ ಜಾಗದಲ್ಲಿ ಹುಣ್ಣು ಆಗಬಹುದು. ಹುಣ್ಣಿನಿಂದ ರಕ್ತ ಸುರಿಯಬಹುದು. ತೂತು ಬೀಳಲೂಬಹುದು. ಅದಕ್ಕೇ ಕಡಿಮೆಯೆಂದರೆ 6 ವಾರ ಮೊದಲು ಹೊಗೆ ಬಿಡಿ ಎನ್ನುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಮೂತ್ರ ಅಥವಾ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಆಪರೇಶನ್ ಆದ ಮೇಲೂ ಸೇದಲೇಬಾರದು.

"ಬೀಡಿ ಬಿಟ್ಟರೆ ದಪ್ಪ ಆಗ್ತೇನಲ್ಲಾ?" ಎಂದು ಕೇಳುವವರಿದ್ದಾರೆ. ನಿಜ, ಬಿಟ್ಟವರ ತೂಕ ಒಂದು ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ಹೆಚ್ಚುತ್ತದೆ. ಕೆಲವರಿಗೆ ಏನೂ ಹೆಚ್ಚುವುದಿಲ್ಲ. ಆದರೆ ಆಪರೇಶನ್‌ನಿಂದ ಇಳಿಯುವ ತೂಕ ಇದಕ್ಕಿಂತ ಎಷ್ಟೋ ಜಾಸ್ತಿ. ಐದು ಕಿಲೋಗೆ ಹೆದರಿ ಹೊಟ್ಟೆಯೊಳಗೆ ಹುಣ್ಣು ಮಾಡಿಕೊಳ್ಳುವುದು ಬುದ್ಧಿಯಲ್ಲ.

ಈಗ ಮುಖ್ಯ ಮಾತು. ಡಾಕ್ಟ್ರ ಹತ್ತಿರ ಸುಳ್ಳು ಹೇಳಬೇಡಿ.

"ಬೀಡಿ ಉಂಟಾ?" ಎಂದು ಡಾಕ್ಟ್ರು ಕೇಳುತ್ತಾರೆ. "ಇಲ್ಲ ಡಾಕ್ಟ್ರೇ, ಬಿಟ್ಟಿದ್ದೇನೆ" ಎಂದು ನಾವು ಹೇಳುತ್ತೇವೆ. ಅಂಗಿಯ ಕಿಸೆಯಲ್ಲಿ ಕಟ್ಟು ಇರುತ್ತದೆ! ಬೈಗುಳಕ್ಕೆ ಹೆದರಿ ಹೀಗೆ ಹೇಳುವುದು. ಆದರೆ ಮದ್ದು ಎಷ್ಟು ಕೊಡಬೇಕು, ಉಸಿರನ್ನು ಹೇಗೆ ಕಾಯಬೇಕು ಎಂದು ಡಾಕ್ಟ್ರು ತೀರ್ಮಾನ ಮಾಡುವುದು ನಮ್ಮ ಮಾತಿನ ಮೇಲೆ. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ, ಕೊನೆಯದು ಯಾವಾಗ ಎಂದು ಸರಿಯಾಗಿ ಹೇಳಿ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾಗದ ಕೊಟ್ಟರೆ, "ಓದಿ ಹೇಳಿ" ಎಂದು ಕೇಳಿ. ಅರ್ಥ ಆಗದೆ ಸಹಿ ಹಾಕಬೇಡಿ. ಕೇಳುವುದು ನಿಮ್ಮ ಹಕ್ಕು.

ಬಿಡುವುದು ಹೇಗೆ? ಸುಲಭ ಎಂದು ನಾನು ಹೇಳುವುದಿಲ್ಲ. ಮೊದಲ ಕೆಲವು ದಿನ ಕಷ್ಟ. ಸಿಟ್ಟು ಬರುತ್ತದೆ. ನಿದ್ದೆ ಕೆಡುತ್ತದೆ. ಎರಡು ಮೂರು ವಾರದಲ್ಲಿ ಇದು ತಗ್ಗುತ್ತಾ ಬರುತ್ತದೆ. ಸೇದಬೇಕೆಂಬ ಆಸೆ ಜೋರಾಗಿ ಬಂದರೂ ಅದು ಇರುವುದು ಕೆಲವೇ ನಿಮಿಷ. ಆಗ ನೀರು ಕುಡಿಯಿರಿ. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಚಾದ ಜೊತೆ ಬೀಡಿ ಎಳೆಯುವ ಅಭ್ಯಾಸ ಇದ್ದರೆ ಚಾ ಕುಡಿಯುವ ಜಾಗ ಬದಲಿಸಿ. ಬೀಡಿ, ಬೆಂಕಿಪೆಟ್ಟಿಗೆ ಕಿಸೆಯಲ್ಲಿ ಬೇಡ.

ಬೀಡಿ ಬಿಟ್ಟು ಹೊಗೆಸೊಪ್ಪು ಜಗಿಯಬೇಡಿ. ಅದರಲ್ಲಿಯೂ ನಿಕೋಟಿನ್ ಉಂಟು. ಬಾಯಿಯ ಕ್ಯಾನ್ಸರ್ ಭಯವೂ ಉಂಟು. ಎಲೆ ಅಡಿಕೆಯಲ್ಲಿ ಹಾಕುವ ಹೊಗೆಸೊಪ್ಪೂ ಅದೇ. ತಡೆಯಲು ಆಗದವರಿಗೆ ನಿಕೋಟಿನ್ ಗಮ್ ಎಂಬ ಜಗಿಯುವ ಮದ್ದು ಸಿಗುತ್ತದೆ. ಡಾಕ್ಟ್ರನ್ನು ಕೇಳಿಯೇ ಅದನ್ನು ತೆಗೆದುಕೊಳ್ಳಿ. ಪರೀಕ್ಷೆ ಮಾಡುವಾಗ ಗಮ್ ತಿಂದದ್ದನ್ನೂ ತಿಳಿಸಿ.

ಸರಕಾರದ ಒಂದು ಫೋನ್ ನಂಬರು ಉಂಟು: 1800-11-2356. ಇದಕ್ಕೆ ಹಣ ಇಲ್ಲ. ತಂಬಾಕು ಬಿಡಲು ಸಲಹೆ ಕೊಡುತ್ತಾರೆ. ಕನ್ನಡದಲ್ಲಿಯೂ ಮಾತಾಡಬಹುದು.

ಮನೆಯವರಿಗೆ ಒಂದು ಮಾತು. ಬಿಡುವವರನ್ನು ಹಂಗಿಸಬೇಡಿ. ಒಂದು ದಿನ ತಪ್ಪಿ ಸೇದಿದರೆ, "ನಿಮ್ಮಿಂದ ಆಗುದಿಲ್ಲ ಮಾರಾಯ್ರೇ" ಎಂದು ಹೇಳಬೇಡಿ. "ನಾಳೆಯಿಂದ ಪುನಃ ನೋಡುವ" ಎಂದು ಹೇಳಿ. ಅಂಗಡಿಯಿಂದ ಬೀಡಿ ತರಲು ಮಕ್ಕಳನ್ನು ಕಳಿಸಬೇಡಿ.

ಆಪರೇಶನ್ ಆಗಿ ಮನೆಗೆ ಬಂದ ಮೇಲೆ, "ಎಲ್ಲ ಮುಗಿಯಿತಲ್ಲ" ಎಂದು ಪುನಃ ಹಚ್ಚಬೇಡಿ. ಹೊರಗಿನ ಹೊಲಿಗೆ ತೆಗೆದರೂ ಒಳಗಿನ ಗಾಯ ಮಾಗಲು ಇನ್ನೂ ಸಮಯ ಬೇಕು. 28 ದಿನ ಬಿಟ್ಟವರಿಗೆ 29ನೇ ದಿನವೂ ಬಿಡಲು ಆಗುತ್ತದೆ.

ನೀವೀಗ ಅಕ್ಷರ ಕಲಿತಿದ್ದೀರಿ. ಆ ಅಕ್ಷರ ಇಲ್ಲಿ ಉಪಯೋಗಕ್ಕೆ ಬರಲಿ. ಒಂದು ಕಾಗದ ತೆಗೆದುಕೊಳ್ಳಿ. ಮೇಲೆ ಆಪರೇಶನ್ ತಾರೀಕು ಬರೆಯಿರಿ. ಕೆಳಗೆ ಬೀಡಿ ಬಿಟ್ಟ ತಾರೀಕು ಬರೆಯಿರಿ. ಗೋಡೆಗೆ ಅಂಟಿಸಿ. ಸೇದದ ಒಂದೊಂದು ದಿನಕ್ಕೂ ಒಂದೊಂದು ಗೆರೆ ಎಳೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಕಾಗದ ಡಾಕ್ಟ್ರಿಗೆ ತೋರಿಸಿ.